ಎಂಟರ ಗಂಟು ಕೈಗೆ ಹತ್ತುವವರೆಗೆ

ಕಳೆದ ಜೂನ್ ತಿಂಗಳಲ್ಲಿ ನಾವು ಮನೆ ಬದಲಾಯಿಸಿದಾಗ, ಗೂಡ್ಸ್ ಆಟೋದ ಮೇಲೆ ಕಟ್ಟಿದ್ದ ಮಂಚದ ಹಲಗೆಯೊಂದು ಬೆಂಗಳೂರಿನ ನಾಯಂಡಹಳ್ಳಿಯ ಹತ್ತಿರ ರಸ್ತೆಗೆ ಜಾರಿ ಬಿತ್ತು. ಹಿಂದೆ ಬರುತ್ತಿದ್ದ ಸ್ಕೂಟರಿನ ಹುಡುಗ ಸಕಾಲಕ್ಕೆ ಬ್ರೇಕ್ ಹಾಕಿದ್ದರಿಂದ ಯಾರಿಗೂ ಏಟಾಗಲಿಲ್ಲ. ಆ ಹಗ್ಗಕ್ಕೆ ಗಂಟು ಹಾಕಿದ್ದವಳು ನಾನು. ಒಂದರ ಮೇಲೊಂದು ನಾಲ್ಕು ಗಂಟು ಬಿಗಿದಿದ್ದೆ. ಬಿಗಿಯುವಾಗ ಕೈ ಉರಿಯುವಷ್ಟು ಎಳೆದಿದ್ದೆ. ಆದರೂ ಹಗ್ಗ ತುಂಡಾಗದೆ, ಗಂಟು ತಾನಾಗಿ ಸಡಿಲವಾಗಿ ಬಿಚ್ಚಿಕೊಂಡಿತ್ತು. ಸಂಜೆ ಆ ಹಗ್ಗವನ್ನು ನೋಡಿದ ನನ್ನ ಮಗಳು, "ಅಮ್ಮಾ, ನೀನು ಹಾಕಿದ್ದು ಗ್ರಾನಿ ನಾಟ್, ಜಾರೋ ಗಂಟು. ಎಷ್ಟು ಸಲ ಹಾಕಿದರೂ ಅದು ಗ್ರಾನಿನೇ," ಎಂದಳು.

ಒಂಬತ್ತನೇ ತರಗತಿಯಲ್ಲಿರುವ ಅವಳು ಒಂದು ವರ್ಷದಿಂದ ಕೃತಕ ಗೋಡೆಯ ಮೇಲೆ ಹತ್ತುವುದನ್ನು ಕಲಿಯುತ್ತಿದ್ದಳು. ಚಳಿಗಾಲದಲ್ಲಿ ರಾಮನಗರದ ಬಂಡೆಗಳಿಗೆ ಹೋಗುವುದಿದೆ, ಮಕ್ಕಳ ಹಗ್ಗವನ್ನು ಕೆಳಗಿನಿಂದ ಹಿಡಿಯುವ ಕೆಲಸವನ್ನು, ಅಂದರೆ ಬಿಲೇ ಮಾಡುವುದನ್ನು, ಪ್ರಾಥಮಿಕ ತರಬೇತಿ ಮುಗಿಸಿ ಗಂಟುಗಳ ಪರೀಕ್ಷೆಯಲ್ಲಿ ತೇರ್ಗಡೆಯಾದ ಪಾಲಕರೂ ಮಾಡಬಹುದು ಎಂದು ಅವಳ ತರಬೇತುದಾರರು ಹೇಳಿದ್ದರು. ಮಂಚದ ಹಲಗೆ ಬಿದ್ದ ವಾರವೇ ನಾನು ಹೆಸರು ಕೊಟ್ಟೆ. ನಾಲ್ಕು ಭಾನುವಾರಗಳಲ್ಲಿ ಮುಗಿಯುವುದೆಂದುಕೊಂಡದ್ದು ಐದು ತಿಂಗಳು ಹಿಡಿಯಿತು. ಈ ದಾರಿಯಲ್ಲಿ ಹೊರಟವರಿಗೆ ಯಾವ ಕಾಗದ ಬೇಕು, ಎಷ್ಟು ಹಣ ಆಗುತ್ತದೆ, ಕಲಿಕೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಮೊದಲೇ ತಿಳಿದಿರಲಿ ಎಂಬ ಉದ್ದೇಶದಿಂದ, ನೆನಪು ಹಸಿಯಾಗಿರುವಾಗಲೇ ಇದನ್ನು ಬರೆಯುತ್ತಿದ್ದೇನೆ.

ಕಾಗದಪತ್ರಗಳಿಗೇ ಮೂರು ವಾರ ಹೋಯಿತು. ಎರಡು ಭಾವಚಿತ್ರ, ಆಧಾರ್ ಪ್ರತಿ, ಅಪಾಯವನ್ನು ತಿಳಿದೇ ಸೇರುತ್ತಿದ್ದೇನೆ ಎಂಬ ಒಪ್ಪಿಗೆ ಪತ್ರ, ವೈದ್ಯಕೀಯ ಅರ್ಹತಾ ಪ್ರಮಾಣಪತ್ರ ಇವಿಷ್ಟನ್ನು ಕೇಳಿದ್ದರು. ಮನೆ ಬದಲಾಯಿಸಿದ್ದರಿಂದ ಆಧಾರ್‌ನಲ್ಲಿದ್ದ ವಿಳಾಸಕ್ಕೂ ಅರ್ಜಿಯಲ್ಲಿ ಬರೆದ ವಿಳಾಸಕ್ಕೂ ತಾಳೆಯಾಗಲಿಲ್ಲ. ಬಾಡಿಗೆ ಕರಾರಿನ ಪ್ರತಿ ಲಗತ್ತಿಸಿ ಮತ್ತೊಮ್ಮೆ ಕೊಡಬೇಕಾಯಿತು. ಮಗಳು ಹದಿನೆಂಟಕ್ಕಿಂತ ಚಿಕ್ಕವಳಾದ್ದರಿಂದ ಅವಳ ಒಪ್ಪಿಗೆ ಪತ್ರಕ್ಕೆ ತಂದೆತಾಯಿ ಇಬ್ಬರ ಸಹಿಯೂ ಬೇಕಿತ್ತು. ನನ್ನ ಪತಿ ಕೆಲಸದ ಮೇಲೆ ಪುಣೆಯಲ್ಲಿದ್ದರು. ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಿದ ಸಹಿಯನ್ನು ಒಪ್ಪದ ಕಾರಣ ಮೂಲ ಕಾಗದವೇ ಕೊರಿಯರ್‌ನಲ್ಲಿ ಹೋಗಿ ಬರಬೇಕಾಯಿತು.

ವೈದ್ಯಕೀಯ ಪ್ರಮಾಣಪತ್ರದ ವಿಷಯದಲ್ಲಿ ನಾನು ನಿಜಕ್ಕೂ ಕುಗ್ಗಿದೆ. ನನಗೆ ನಲವತ್ತೊಂದು ವರ್ಷ. ನಾವು ಯಾವಾಗಲೂ ಹೋಗುವ ವೈದ್ಯರು ರಕ್ತದೊತ್ತಡ ನೋಡಿ, ಎಲ್ಲ ಸರಿಯಿದೆ ಎಂದವರು, ನಮೂನೆಯಲ್ಲಿ "ಬಂಡೆ ಹತ್ತಲು ಅರ್ಹರು" ಎಂಬ ಸಾಲು ಕಂಡಕೂಡಲೇ ಸಹಿ ಹಾಕಲು ಒಪ್ಪಲಿಲ್ಲ. ಇನ್ನೊಬ್ಬ ವೈದ್ಯರು ಇಸಿಜಿ ಮಾಡಿಸಿ, ಮಂಡಿ ಮತ್ತು ಭುಜಗಳನ್ನು ಪರೀಕ್ಷಿಸಿ, ಹಳೆಯ ಕಾಯಿಲೆಗಳನ್ನೆಲ್ಲ ಕೇಳಿ ತಿಳಿದುಕೊಂಡ ಮೇಲೆ ಸಹಿ ಮಾಡಿದರು. ಅದಕ್ಕೆ ಒಟ್ಟು 650 ರೂಪಾಯಿ ಆಯಿತು. ನಲವತ್ತು ದಾಟಿದವರು ಇಸಿಜಿಯನ್ನು ಮೊದಲೇ ಮಾಡಿಸಿಕೊಂಡು ವೈದ್ಯರ ಬಳಿ ಹೋದರೆ ಒಂದು ಓಡಾಟ ಉಳಿಯುತ್ತದೆ.

ಕಾಗದಗಳೆಲ್ಲ ಸರಿಹೋದ ಮೇಲೆ, ಸಾಕಷ್ಟು ಜನ ಸೇರಲಿಲ್ಲವೆಂದು ಆಗಸ್ಟ್ ತಂಡವೇ ರದ್ದಾಯಿತು. ಆ ಬಿಡುವಿನಲ್ಲಿ ನಾನೇ ಅಭ್ಯಾಸ ಮಾಡಿಕೊಳ್ಳೋಣವೆಂದು ಸಿಟಿ ಮಾರ್ಕೆಟ್ ಹತ್ತಿರದ ಅಂಗಡಿಯಿಂದ ಹತ್ತು ಮೀಟರ್ ನೀಲಿ ಪ್ಲಾಸ್ಟಿಕ್ ಹಗ್ಗ ತಂದೆ. 250 ರೂಪಾಯಿ ಕೊಟ್ಟ ಆ ಹಗ್ಗ ಯಾವ ಉಪಯೋಗಕ್ಕೂ ಬರಲಿಲ್ಲ. ಅದು ಪೆಡಸು, ಬಾಗಿಸಿದರೆ ಬಾಗಿದಲ್ಲಿ ನಿಲ್ಲುವುದಿಲ್ಲ, ಗಂಟಿನ ಆಕಾರ ಕಣ್ಣಿಗೆ ಕಾಣುವುದಿಲ್ಲ. ಅಭ್ಯಾಸಕ್ಕೆ ಬೇಕಾದದ್ದು ಎಂಟು ಅಥವಾ ಹತ್ತು ಮಿಲಿಮೀಟರ್ ದಪ್ಪದ, ಹೆಣೆದ ಹೊರಕವಚವಿರುವ, ಮೆತ್ತಗಿನ ಹಗ್ಗ. ಎರಡೆರಡು ಮೀಟರಿನ, ಬೇರೆ ಬೇರೆ ಬಣ್ಣದ ಎರಡು ತುಂಡುಗಳಿದ್ದರೆ ಸಾಕು. ಎರಡು ಹಗ್ಗ ಜೋಡಿಸುವ ಗಂಟುಗಳಲ್ಲಿ ಯಾವ ಎಳೆ ಎಲ್ಲಿಂದ ಬಂತು ಎಂದು ತಿಳಿಯಲು ಬಣ್ಣದ ವ್ಯತ್ಯಾಸದಷ್ಟು ನೆರವು ಬೇರೆ ಯಾವುದರಿಂದಲೂ ಸಿಗುವುದಿಲ್ಲ.

ಸೆಪ್ಟೆಂಬರ್ ಮೊದಲ ಭಾನುವಾರ ತರಗತಿ ಆರಂಭವಾಯಿತು. ಕಲಿಸುವವರು ಸೇನೆಯಿಂದ ನಿವೃತ್ತರಾದ ಹಿರಿಯರು. ಅವರಿಗೆ ಸಹಾಯಕನಾಗಿ ರಾಮನಗರದವನೇ ಆದ ಒಬ್ಬ ಯುವಕನಿದ್ದ. ಮೊದಲ ದಿನ ಗಂಟುಗಳ ಬಗ್ಗೆ ಒಂದು ಮಾತನ್ನೂ ಆಡದೆ, ಹಗ್ಗವನ್ನೇ ತೋರಿಸಿದರು. ಹಳೆಯ ಹಗ್ಗವೊಂದನ್ನು ಕತ್ತರಿಸಿ, ಒಳಗಿನ ಬಿಳಿಯ ಎಳೆಗಳ ತಿರುಳನ್ನೂ ಅದರ ಮೇಲಿನ ಹೆಣೆದ ಕವಚವನ್ನೂ ಬೇರೆ ಮಾಡಿ ನಮ್ಮ ಕೈಗೆ ಕೊಟ್ಟರು. ಭಾರದ ಬಹುಪಾಲನ್ನು ಹೊರುವುದು ಆ ತಿರುಳು. ಕವಚ ಅದನ್ನು ಉಜ್ಜಾಟದಿಂದ, ಮಣ್ಣಿನಿಂದ ಕಾಯುತ್ತದೆ. ಹತ್ತುವವರ ಹಗ್ಗ ಬೀಳುವ ದೇಹದ ವೇಗವನ್ನು ನುಂಗಿಕೊಳ್ಳುವಂತೆ ಹಿಗ್ಗಬೇಕು. ಹಿಗ್ಗದ ಹಗ್ಗದ ಮೇಲೆ ಬಿದ್ದರೆ ಹಗ್ಗ ತಡೆದುಕೊಂಡರೂ ಬೆನ್ನುಮೂಳೆ ತಡೆದುಕೊಳ್ಳುವುದಿಲ್ಲ. ಅದಕ್ಕಾಗಿಯೇ ಯುರೋಪಿನ ಇಎನ್ 892 ಮಾನದಂಡದಲ್ಲಿ, ಒಂಟಿಯಾಗಿ ಬಳಸುವ ಹಗ್ಗ ಪ್ರಯೋಗಾಲಯದ ಕಠಿಣ ಬೀಳುವಿಕೆಯನ್ನು ಕನಿಷ್ಠ 5 ಸಲ ತಾಳಬೇಕು, ಮೊದಲ ಬೀಳುವಿಕೆಯ ಎಳೆತ 12 ಕಿಲೋನ್ಯೂಟನ್ ಮೀರಬಾರದು ಎಂಬ ನಿಯಮವಿದೆ. ಅಂತಹ ಹಗ್ಗದ ತುದಿಯಲ್ಲಿ ವೃತ್ತದೊಳಗೆ 1 ಎಂಬ ಅಂಕಿ ಇರುತ್ತದೆ. ಮಾರುಕಟ್ಟೆಯ ಹಗ್ಗ ನೋಡಲು ಎಷ್ಟೇ ದಪ್ಪವಿರಲಿ, ಅದರ ಮೇಲೆ ಮನುಷ್ಯರನ್ನು ತೂಗುಬಿಡಬಾರದು.

ಎರಡನೆಯ ವಾರದಿಂದ ಗಂಟುಗಳು ಶುರುವಾದವು, ನನ್ನ ತೊಂದರೆಯೂ ಅಲ್ಲಿಂದಲೇ ಶುರುವಾಯಿತು. ನಾನು ಎಡಗೈಯವಳು. ಎಲ್ಲರೂ ಶಿಕ್ಷಕರ ಪಕ್ಕದಲ್ಲಿ ಕುಳಿತು ಅವರ ಕೈಯನ್ನು ನೋಡಿಕೊಂಡು ಹಾಗೆಯೇ ಮಾಡುತ್ತಿದ್ದರೆ, ನನ್ನ ಕೈ ತಾನಾಗಿ ಎದುರು ದಿಕ್ಕಿಗೆ ಹೋಗುತ್ತಿತ್ತು. ಅರ್ಧದಲ್ಲಿ ಎಚ್ಚೆತ್ತು ಅವರ ದಿಕ್ಕಿಗೆ ತಿರುಗಿಸಿದರೆ ಗಂಟೇ ಆಗುತ್ತಿರಲಿಲ್ಲ. ಹಗ್ಗದ ತುದಿಯಲ್ಲಿ ಕಿರಿದಾಗದ ಕುಣಿಕೆ ಮಾಡುವ ಬೋಲೈನ್ ಗಂಟಿನಲ್ಲಿ ಇದು ಎದ್ದು ಕಾಣುತ್ತದೆ. ಸಹಾಯಕ ಯುವಕ ಅದನ್ನು ಹೀಗೆ ಹೇಳಿಕೊಡುತ್ತಿದ್ದ: "ಹುತ್ತದಿಂದ ಹಾವು ಮೇಲೆ ಬಂತು ಅಕ್ಕಾ, ಮರದ ಹಿಂದಿನಿಂದ ಒಂದು ಸುತ್ತು ಹಾಕಿತು, ತಿರುಗಿ ಅದೇ ಹುತ್ತಕ್ಕೆ ಇಳಿಯಿತು." ಸಣ್ಣ ಕುಣಿಕೆಯೇ ಹುತ್ತ, ಹಗ್ಗದ ತುದಿಯೇ ಹಾವು, ಭಾರ ಹೊರುವ ಎಳೆಯೇ ಮರ. ಹುತ್ತವನ್ನು ಅವರ ದಿಕ್ಕಿಗೆ ಮಾಡಿ ಹಾವನ್ನು ಎದುರು ಬದಿಯಿಂದ ಹೊಕ್ಕಿಸಿ ಸುತ್ತಿದಾಗ, ಎಳೆದ ಕೂಡಲೇ ಎಲ್ಲವೂ ಬಿಚ್ಚಿಕೊಂಡು ಬರೀ ಹಗ್ಗ ಕೈಯಲ್ಲಿ ಉಳಿಯುತ್ತಿತ್ತು. ಎರಡು ತಾಸು ಕಳೆದ ಮೇಲೆ ಶಿಕ್ಷಕರೇ ನನ್ನನ್ನು ಗಮನಿಸಿ, "ಮೇಡಂ, ನೀವು ಪಕ್ಕದಲ್ಲಿ ಕೂರಬೇಡಿ, ನನ್ನ ಎದುರಿಗೆ ಬನ್ನಿ," ಎಂದರು. ಎದುರಿಗೆ ಕುಳಿತಾಗ ಅವರ ಬಲಗೈ ನನ್ನ ಎಡಗೈಗೆ ಕನ್ನಡಿಯಂತಾಯಿತು. ಹಾಗೆ ಬಂದ ಗಂಟು ಅವರದರ ಪ್ರತಿಬಿಂಬ. ಗಟ್ಟಿತನದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಎಡಗೈಯವರು ಶಿಕ್ಷಕರ ಎದುರಿಗೂ ಬಲಗೈಯವರು ಪಕ್ಕದಲ್ಲಿಯೂ ಕುಳಿತುಕೊಳ್ಳಬೇಕು. ಇಷ್ಟು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು.

ಹೆಸರುಗಳ ಗೊಂದಲವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಓವರ್‌ಹ್ಯಾಂಡ್ ನಾಟ್, ಥಂಬ್ ನಾಟ್ ಎರಡೂ ನಾವು ಹೂಮಾಲೆಯ ದಾರದ ತುದಿಗೆ ಹಾಕುವ ಒಂಟಿ ಗಂಟೇ. ಚಪ್ಪಟೆ ಪಟ್ಟಿಯನ್ನು ಜೋಡಿಸುವ ಟೇಪ್ ನಾಟ್ ಮತ್ತು ವಾಟರ್ ನಾಟ್ ಒಂದೇ. ಅದು ಬಳಸುತ್ತ ಬಳಸುತ್ತ ತುದಿಯನ್ನು ಒಳಗೆ ಎಳೆದುಕೊಳ್ಳುವ ಸ್ವಭಾವದ್ದಾದ್ದರಿಂದ ಪ್ರತಿ ಸಲವೂ ನೋಡಲೇಬೇಕು. ಇಟಾಲಿಯನ್ ಹಿಚ್, ಮುಂಟರ್ ಹಿಚ್ ಎಂಬವೂ ಒಂದೇ ಗಂಟಿನ ಎರಡು ಹೆಸರು. ಟಿಪ್ಪಣಿ ಪುಸ್ತಕದಲ್ಲಿ ಎಲ್ಲ ಹೆಸರುಗಳನ್ನೂ ಒಂದೇ ಚಿತ್ರದ ಕೆಳಗೆ ಬರೆದುಕೊಂಡರೆ, ಬೇರೆ ಬೇರೆ ಗಂಟು ಎಂದುಕೊಂಡು ಗಾಬರಿಯಾಗುವುದು ತಪ್ಪುತ್ತದೆ.

ನಮ್ಮ ಪರೀಕ್ಷೆಯ ಕೇಂದ್ರ ಎಂಟರ ಗಂಟು. ಸೊಂಟಕ್ಕೆ ಕಟ್ಟಿಕೊಳ್ಳುವ ಹಾರ್ನೆಸ್‌ಗೆ ಹಗ್ಗವನ್ನು ಸೇರಿಸುವುದು ಅದೇ. ಎಂಟು ಎಂದರೆ ಇಂಗ್ಲಿಷಿನ 8. ಕನ್ನಡದ ೮ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆಕಾರ ಸಿಗುವುದಿಲ್ಲ. ತುದಿಯಿಂದ ಸುಮಾರು ಎರಡು ಮೊಳ ಹಗ್ಗ ಬಿಟ್ಟು ಮೊದಲ ಎಂಟನ್ನು ಹಾಕಬೇಕು. ಹಗ್ಗವನ್ನು ಮಡಚಿ ಕಣ್ಣೊಂದನ್ನು ಮಾಡಿ, ತುದಿಯನ್ನು ಭಾರದ ಎಳೆಯ ಹಿಂದಿನಿಂದ ಒಂದು ಪೂರ್ತಿ ಸುತ್ತು ತಂದು, ಮುಂದಿನಿಂದ ಆ ಕಣ್ಣಿನೊಳಗೆ ಇಳಿಸಿದರೆ ಎಂಟು ಕಾಣುತ್ತದೆ. ಆ ಮೇಲೆ ತುದಿಯನ್ನು ಹಾರ್ನೆಸ್‌ನ ತೊಡೆಯ ಪಟ್ಟಿಗಳನ್ನು ಸೇರಿಸುವ ಬಳೆ ಮತ್ತು ಸೊಂಟದ ಬಳೆ ಎರಡರೊಳಗೂ ತೂರಿಸಿ, ಅದೇ ಎಂಟರ ಜಾಡನ್ನು ಹಿಡಿದು, ಮೊದಲ ಎಳೆಗೆ ಅಂಟಿಕೊಂಡಂತೆ, ಎಲ್ಲಿಯೂ ದಾಟದೆ, ಬಂದ ದಾರಿಯಲ್ಲೇ ಹಿಂದಕ್ಕೆ ಒಯ್ಯಬೇಕು. ಕೊನೆಗೆ ನಾಲ್ಕು ಎಳೆಗಳನ್ನೂ ಒಂದೊಂದಾಗಿ ಎಳೆದು ಬಿಗಿಮಾಡಬೇಕು. ಸರಿಯಾದ ಗಂಟಿನಲ್ಲಿ ಜೋಡಿ ಎಳೆಗಳು ಐದು ಕಡೆ ಕಾಣುತ್ತವೆ. ಉಳಿದ ತುದಿ ಹಗ್ಗದ ದಪ್ಪದ ಕನಿಷ್ಠ ಹತ್ತು ಪಟ್ಟು ಇರಬೇಕೆಂಬುದು ಸಾಮಾನ್ಯ ನಿಯಮವಾದರೂ, ನಮ್ಮ ಶಿಕ್ಷಕರು ಒಂದು ಗೇಣಿಗೆ ಕಡಿಮೆಯಾದರೆ ಒಪ್ಪುತ್ತಿರಲಿಲ್ಲ.

ಬೋಲೈನ್ ಇದ್ದೂ ಎಂಟನ್ನೇ ಏಕೆ ಆರಿಸಿಕೊಳ್ಳುತ್ತಾರೆ ಎಂದು ಕೇಳಿದ್ದೆ. ಗಂಟು ಬಿದ್ದ ಹಗ್ಗ ತನ್ನ ಬಲದಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಎಂಟರ ಗಂಟಿನಲ್ಲಿ ಸುಮಾರು ಮುಕ್ಕಾಲು ಭಾಗ ಉಳಿದರೆ, ಬೋಲೈನ್‌ನಲ್ಲಿ ಅದಕ್ಕಿಂತ ತುಸು ಕಡಿಮೆ. ಆದರೆ ಮುಖ್ಯ ಕಾರಣ ಅದಲ್ಲ. ಬೋಲೈನ್ ಭಾರ ಬಿದ್ದಾಗ ಹಿಡಿಯುತ್ತದೆ, ಭಾರ ತೆಗೆದು ಅಲುಗಾಡಿಸಿದರೆ ಸಡಿಲವಾಗುತ್ತದೆ, ಅದಕ್ಕೆ ಇನ್ನೊಂದು ಕಾವಲು ಗಂಟು ಬೇಕೇ ಬೇಕು; ಅದು ಸರಿಯಾಗಿದೆಯೇ ಇಲ್ಲವೇ ಎಂದು ಎದುರಿಗೆ ನಿಂತವರಿಗೆ ಒಂದೇ ನೋಟಕ್ಕೆ ಗೊತ್ತಾಗುವುದೂ ಇಲ್ಲ. ಈ ಕೊನೆಯ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ.

ಅಕ್ಟೋಬರ್ ಮೊದಲ ಭಾನುವಾರ ಪರೀಕ್ಷೆ ನಡೆಯಿತು. ಏಳು ಗಂಟುಗಳು, ಒಂದೊಂದಕ್ಕೆ ಒಂದು ನಿಮಿಷ, ಎಂಟರ ಗಂಟನ್ನು ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಾಕಬೇಕು. ಕ್ಲೋವ್ ಹಿಚ್, ಇಟಾಲಿಯನ್ ಹಿಚ್, ಎರಡು ಹಗ್ಗ ಜೋಡಿಸುವ ಡಬಲ್ ಫಿಶರ್‌ಮನ್ಸ್, ಟೇಪ್ ನಾಟ್, ಬೋಲೈನ್ ಇವೆಲ್ಲ ಸರಿಹೋದವು. ಪ್ರೂಸಿಕ್ ಕೂಡ ಬಂತು. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಪರಿಚಯಿಸಿದ ಈ ಗಂಟು, ದಪ್ಪ ಹಗ್ಗದ ಮೇಲೆ ತೆಳು ಹುರಿಯನ್ನು ಮೂರು ಸುತ್ತು ಸುತ್ತಿ ಹಾಕುವಂಥದ್ದು. ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ, ಭಾರ ತೆಗೆದರೆ ಕೈಯಿಂದ ಸರಿಸಬಹುದು. ಕೊನೆಗೆ ಕಣ್ಣು ಕಟ್ಟಿಕೊಂಡು ಎಂಟರ ಗಂಟು ಹಾಕಿದೆ. ಸಮಯಕ್ಕೆ ಮೊದಲೇ ಮುಗಿಸಿದೆನೆಂಬ ಸಂತೋಷದಿಂದ ಬಟ್ಟೆ ಬಿಚ್ಚಿದೆ.

ಶಿಕ್ಷಕರು ಗಂಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಎರಡನೆಯ ಸುತ್ತಿನಲ್ಲಿ ಎಳೆಗಳು ಒಂದು ಕಡೆ ಅಡ್ಡ ದಾಟಿದ್ದವು. ತುದಿ ಆರು ಬೆರಳಿನಷ್ಟೇ ಉಳಿದಿತ್ತು. "ಮೇಡಂ, ಈ ಗಂಟು ಬಹುಶಃ ಹಿಡಿಯುತ್ತೆ," ಎಂದರು. "ಆದರೆ ಹಿಡಿಯುತ್ತೆ ಅಂತ ಹೇಳೋದಕ್ಕೆ ನಾನು ಇಷ್ಟು ಹೊತ್ತು ನೋಡಬೇಕಾಯಿತು. ಬಂಡೆಯ ಕೆಳಗೆ ಅಷ್ಟು ಹೊತ್ತು ಯಾರಿಗೂ ಇರೋದಿಲ್ಲ. ಇದನ್ನ ನಾನು ಪಾಸ್ ಮಾಡೋಕೆ ಆಗಲ್ಲ."

ಆಮೇಲೆ ಅವರು ನಮಗೆಲ್ಲ ಲಿನ್ ಹಿಲ್ ಅವರ ವಿಷಯ ಹೇಳಿದರು. ಜಗತ್ತಿನ ಅತ್ಯುತ್ತಮ ಆರೋಹಿಗಳಲ್ಲಿ ಒಬ್ಬರಾದ ಈ ಅಮೆರಿಕದ ಮಹಿಳೆ, 1989ರಲ್ಲಿ ಫ್ರಾನ್ಸಿನ ಬ್ಯೂ ಎಂಬಲ್ಲಿ ಹಗ್ಗವನ್ನು ಹಾರ್ನೆಸ್‌ನೊಳಗೆ ತೂರಿಸಿ, ಗಂಟನ್ನು ಮುಗಿಸುವ ಮೊದಲೇ ಶೂ ಹಾಕಿಕೊಳ್ಳುವ ಕಡೆಗೆ ಗಮನ ಹರಿಸಿ, ಹಾಗೆಯೇ ಹತ್ತಿಬಿಟ್ಟರು. ಮೇಲೆ ಹೋಗಿ, ಇಳಿಯಲು ಹಗ್ಗಕ್ಕೆ ಭಾರ ಕೊಟ್ಟಾಗ 70 ಅಡಿಗೂ ಹೆಚ್ಚಿನ ಎತ್ತರದಿಂದ ಬಿದ್ದರು. ಮರದ ಕೊಂಬೆಗಳು ತಡೆದಿದ್ದರಿಂದ ಜೀವ ಉಳಿಯಿತು. ಗಂಟು ಹಾಕಲು ಅವರಿಗಿಂತ ಚೆನ್ನಾಗಿ ಯಾರಿಗೆ ಬರುತ್ತಿತ್ತು? ಅಂದು ಆ ಗಂಟನ್ನು ಯಾರೂ ನೋಡಲಿಲ್ಲ, ಅಷ್ಟೇ.

ಮರುಪರೀಕ್ಷೆಗೆ ಐದು ವಾರ ಕಾಯಬೇಕಿತ್ತು. ತಂಡದಲ್ಲಿ ಹನ್ನೊಂದು ಜನರಲ್ಲಿ ಅನುತ್ತೀರ್ಣರಾದವರು ನಾವಿಬ್ಬರೇ, ನಾನು ಮತ್ತು ಒಬ್ಬ ಹಿರಿಯರು. ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಮಗಳಿಗೆ ಹೇಗೆ ಹೇಳುವುದೆಂಬುದು ಒಂದು. ಅವಳ ಹಗ್ಗವನ್ನು ಹಿಡಿಯಬಲ್ಲೆನೆಂದು ಇಷ್ಟು ದಿನ ನಂಬಿದ್ದೆನಲ್ಲ ಎಂಬ ಭಯ ಇನ್ನೊಂದು.

ಪರಿಹಾರವನ್ನು ಕಂಡುಹಿಡಿದವಳು ಮಗಳೇ. ನಾನು ದಿನಕ್ಕೆ ಐವತ್ತು ಸಲ ಗಂಟು ಹಾಕುತ್ತಿದ್ದುದನ್ನು ನೋಡಿ, "ಹಾಕೋದು ನಿನಗೆ ಬರುತ್ತೆ ಅಮ್ಮಾ, ನೋಡೋದನ್ನ ಕಲಿ," ಎಂದಳು. ಪ್ರತಿದಿನ ರಾತ್ರಿ ಬಾಲ್ಕನಿಯ ಬಟ್ಟೆ ಒಣಗಿಸುವ ತಂತಿಗೆ ಹತ್ತು ಗಂಟುಗಳನ್ನು ಹಾಕಿ ತೂಗುಬಿಡುತ್ತಿದ್ದಳು. ಅವುಗಳಲ್ಲಿ ಕೆಲವು ಸರಿ, ಕೆಲವು ಬೇಕೆಂದೇ ಮಾಡಿದ ತಪ್ಪು. ಕೈ ಮುಟ್ಟದೆ, ಒಂದೊಂದಕ್ಕೆ ಐದು ಸೆಕೆಂಡು ನೋಡಿ ನಾನು ಹೇಳಬೇಕು. ಮೊದಲ ರಾತ್ರಿ ಮೂರು ತಪ್ಪುಗಳು ನನ್ನ ಕಣ್ಣು ತಪ್ಪಿಸಿಕೊಂಡವು. ಅವುಗಳಲ್ಲೊಂದನ್ನು ನಾನು ಮರೆಯುವುದಿಲ್ಲ: ಎಂಟರ ಜಾಡು ಹಿಡಿದು ಬಂದ ತುದಿ ಕೊನೆಯ ಕಣ್ಣಿನೊಳಗೆ ಇಳಿಯದೆ, ಅದರ ಪಕ್ಕದಲ್ಲಿ ಸುಮ್ಮನೆ ಒರಗಿ ನಿಂತಿತ್ತು. ದೂರದಿಂದ ನೋಡಿದರೆ ತುಂಬಿದ, ಚೊಕ್ಕವಾದ ಗಂಟು. ಜೋಡಿಗಳನ್ನು ಎಣಿಸಿದರೆ ಮಾತ್ರ ನಾಲ್ಕೇ ಇದ್ದವು. ಎರಡು ವಾರ ಕಳೆಯುವಷ್ಟರಲ್ಲಿ ತಪ್ಪು ಗಂಟು ತಾನಾಗಿ ಕಣ್ಣಿಗೆ ಚುಚ್ಚತೊಡಗಿತು. ಓದುವಾಗ ಅಕ್ಷರ ತಪ್ಪಿದರೆ ಹೇಗೆ ತಡೆಯುತ್ತದೆಯೋ ಹಾಗೆ. ಇದಾದ ಮೇಲೆ ನನ್ನ ಕೈಯ ಗಂಟುಗಳೂ ತಾವಾಗಿಯೇ ಒಪ್ಪವಾದವು. ಕಲಿಯುತ್ತಿರುವವರಿಗೆ ನಾನು ಕೊಡುವ ಸಲಹೆಗಳಲ್ಲಿ ಇದೇ ಮೊದಲನೆಯದು: ಮನೆಯ ಯಾರಿಂದಲಾದರೂ ತಪ್ಪು ಗಂಟುಗಳನ್ನು ಹಾಕಿಸಿಕೊಂಡು ಅವುಗಳನ್ನು ಹಿಡಿಯುವುದನ್ನು ಅಭ್ಯಾಸ ಮಾಡಿ.

ಈ ನಡುವೆ ದೀಪಾವಳಿಗೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಊರಿಗೆ ಹೋದೆವು. ಅಪ್ಪಯ್ಯನಿಗೆ ಮಂಚದ ಹಲಗೆ ಬಿದ್ದ ಕಥೆ ಹೇಳಿದಾಗ ಅವರು ಗಂಟಿನ ವಿಷಯ ಕೇಳುವುದಕ್ಕೆ ಮೊದಲು ಹಗ್ಗದ ವಿಷಯ ಕೇಳಿದರು. "ಪ್ಲಾಸ್ಟಿಕ್ ಹಗ್ಗ ಅಲ್ದಾ ಮಾರಾಯ್ತಿ? ಅದು ಜಾರ್ತದೆ. ನಾರಿನ ಹಗ್ಗಕ್ಕೆ ಹಾಕಿದ ಹಾಗೆ ಅದಕ್ಕೆ ಹಾಕಿದ್ರೆ ಆಗ್ತದಾ?" ಎಂದರು. ತೆಂಗಿನ ನಾರಿನ ಹಗ್ಗದ ಒರಟು ಮೈ ಎಂತಹ ಸೋಮಾರಿ ಗಂಟನ್ನೂ ಹಿಡಿದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ರೂಢಿಯಿಂದ ಬಂದ ಗಂಟುಗಳು ಆ ಹಗ್ಗಕ್ಕಾಗಿ ಹುಟ್ಟಿದವು. ಈಗ ಹಗ್ಗ ಬದಲಾಗಿದೆ, ನಮ್ಮ ಕೈ ಬದಲಾಗಿಲ್ಲ. ನುಣುಪಾದ ಹಗ್ಗಕ್ಕೆ ಸುತ್ತು ಹೆಚ್ಚು ಬೇಕು, ತುದಿ ಉದ್ದ ಬೇಕು.

ಕೊಟ್ಟಿಗೆಯಲ್ಲಿ ಅವರು ಕರುವಿನ ಕೊರಳಿಗೆ ಹಗ್ಗ ಕಟ್ಟುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಈ ಸಲ ಮೊದಲ ಬಾರಿಗೆ ಗಂಟನ್ನು ನೋಡಿದೆ. ಅದು ಎಳೆದರೂ ಕಿರಿದಾಗದ ಕುಣಿಕೆ, ನನ್ನನ್ನು ವಾರವಿಡೀ ಕಾಡಿದ್ದ ಬೋಲೈನ್‌ನ ಸ್ವಭಾವದ್ದೇ. "ಕೊರಳಿಗೆ ಜೀರುಗುಣಿಕೆ ಹಾಕಿದ್ರೆ ಕರು ಎಳ್ಕೊಂಡು ಸಾಯ್ತದೆ," ಎಂದು ಅಪ್ಪಯ್ಯ ಹೇಳಿದರು. ಅದೇ ಅಪ್ಪಯ್ಯ ಬಾವಿಯಿಂದ ನೀರು ಸೇದುವಾಗ ಕೊಡಪಾನದ ಕಂಠಕ್ಕೆ ಹಾಕಿದ್ದು ಜೀರುಗುಣಿಕೆಯನ್ನೇ. ಕೊಡದ ಭಾರ ಹೆಚ್ಚಿದಷ್ಟೂ ಅದು ಕಂಠವನ್ನು ಬಿಗಿಹಿಡಿಯುತ್ತದೆ. ಒಂದೇ ಮನೆಯಲ್ಲಿ, ಹತ್ತು ಹೆಜ್ಜೆ ಅಂತರದಲ್ಲಿ, ಒಂದು ಕಡೆ ಬೇಡವಾದದ್ದು ಇನ್ನೊಂದು ಕಡೆ ಬೇಕೇ ಬೇಕಾದದ್ದು. ರೀಫ್ ನಾಟ್ ಕೂಡ ಹಾಗೆಯೇ. ಬಲದ ಎಳೆ ಎಡದ ಮೇಲೆ, ಮತ್ತೆ ಎಡದ್ದು ಬಲದ ಮೇಲೆ ಬಂದರೆ ಅದು ರೀಫ್. ಎರಡು ಸಲವೂ ಒಂದೇ ದಿಕ್ಕಿಗೆ ಹಾಕಿದರೆ ನನ್ನ ಮಂಚದ ಗ್ರಾನಿ. ರೀಫ್ ಗಂಟು ಪೊಟ್ಟಣ ಕಟ್ಟಲು, ಗಾಯದ ಪಟ್ಟಿ ಕಟ್ಟಲು ಒಳ್ಳೆಯದು. ಎರಡು ಹಗ್ಗ ಸೇರಿಸಿ ಅದರ ಮೇಲೆ ಜೀವ ಇಡಲು ಅದು ಆಗದು, ಒಂದು ತುದಿಯನ್ನು ಜಗ್ಗಿದರೆ ಮಗುಚಿಕೊಂಡು ಬಿಚ್ಚಿಹೋಗುತ್ತದೆ.

ನವೆಂಬರ್ ಎರಡನೆಯ ವಾರ ಮರುಪರೀಕ್ಷೆಯಲ್ಲಿ ತೇರ್ಗಡೆಯಾದೆ. ಶಿಕ್ಷಕರು ಎಂಟರ ಗಂಟನ್ನು ಒಮ್ಮೆ ನೋಡಿ, ಮುಟ್ಟದೆಯೇ ತಲೆಯಾಡಿಸಿ ಮುಂದಿನವರ ಕಡೆಗೆ ಹೋದರು. ಆ ಹಿರಿಯರೂ ತೇರ್ಗಡೆಯಾದರು.

ಖರ್ಚಿನ ಲೆಕ್ಕವನ್ನು ಒಮ್ಮೆಗೇ ಹೇಳುತ್ತೇನೆ. ಶುಲ್ಕ 6,500, ಹಾರ್ನೆಸ್ 4,200, ತಿರುಗಣೆ ಬೀಗದ ದೊಡ್ಡ ಕ್ಯಾರಾಬಿನರ್ (ಲೋಹದ ಕೊಂಡಿ) 950, ಪ್ರೂಸಿಕ್‌ಗೆ ಆರು ಮಿಲಿಮೀಟರ್ ಹುರಿ ಐದು ಮೀಟರಿಗೆ 400 ರೂಪಾಯಿ. ವೈದ್ಯರದ್ದು, ಕೊರಿಯರ್, ವ್ಯರ್ಥವಾದ ನೀಲಿ ಹಗ್ಗ ಸೇರಿ ಸುಮಾರು 13,500 ರೂಪಾಯಿ ಮುಟ್ಟಿತು. ಹಾರ್ನೆಸ್ ಕೊಳ್ಳಲು ನಾನು ಅವಸರ ಮಾಡಬಾರದಿತ್ತು. ತರಬೇತಿಯಲ್ಲಿ ಅವರೇ ಕೊಡುತ್ತಾರೆ. ಎರಡು ಮೂರು ಬಗೆಯವನ್ನು ತೊಟ್ಟು ತೂಗಿ ನೋಡಿದ ಮೇಲೆ ಕೊಂಡರೆ ತೊಡೆಗೆ ಒತ್ತದಂಥದ್ದು ಸಿಗುತ್ತದೆ. ಹುರಿಯ ವಿಷಯದಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಇಎನ್ 564 ಗುರುತಿರುವ ಆರು ಮಿಲಿಮೀಟರ್ ಹುರಿ ಕನಿಷ್ಠ 7.2 ಕಿಲೋನ್ಯೂಟನ್ ತಾಳಬೇಕು. ಚೀಲಕ್ಕೆ ಪೋಣಿಸುವ ಹುರಿಯೂ ನೋಡಲು ಹಾಗೆಯೇ ಇರುತ್ತದೆ.

ನವೆಂಬರ್ ಕೊನೆಯಲ್ಲಿ ರಾಮನಗರಕ್ಕೆ ಹೊರಟೆವು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ; ನಮ್ಮ ಬಂಡೆ ಅದರಿಂದ ದೂರದ ಬೇರೊಂದು ಗುಡ್ಡ. ಈ ಕಲ್ಲಿಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು, ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಗುಲಾಬಿ ಹರಳುಗಳು ಉಗುರಿನಷ್ಟು ದೊಡ್ಡವು. ಕಾಲಿಗೆ ಅವು ಒಳ್ಳೆಯ ಹಿಡಿತ ಕೊಡುತ್ತವೆ, ಹಗ್ಗಕ್ಕೆ ಅರದಂತೆ ಉಜ್ಜುತ್ತವೆ. ಬಂಡೆಯ ತುದಿಯಲ್ಲಿ ಹಗ್ಗ ತಾಗುವ ಕಡೆಗಳಲ್ಲೆಲ್ಲ ಸಹಾಯಕ ಯುವಕ ದಪ್ಪ ಬಟ್ಟೆಯ ಮೆತ್ತೆ ಇಡುತ್ತಿದ್ದ. ನೆಲದ ಮೇಲಿರುವ ಹಗ್ಗವನ್ನು ಯಾರಾದರೂ ತುಳಿದರೆ ಕೂಡಲೇ ಕೂಗುತ್ತಿದ್ದ. ತುಳಿದಾಗ ಕವಚದೊಳಗೆ ಹೊಕ್ಕ ಹರಳಿನ ಪುಡಿ ತಿರುಳನ್ನು ಒಳಗಿನಿಂದಲೇ ಕೊಯ್ಯುತ್ತದೆ.

ಮಗಳ ಸರದಿ ಬಂದಾಗ ಹತ್ತೂವರೆ ಗಂಟೆ. ಅವಳು ಗಂಟು ಹಾಕಿಕೊಳ್ಳುತ್ತಿರುವಾಗ ಗೆಳತಿಯೊಬ್ಬಳು ನೀರಿನ ಬಾಟಲಿ ಕೇಳಿದಳು. ಮಗಳು ಅತ್ತ ತಿರುಗಿ, ಕೊಟ್ಟು, ಮತ್ತೆ ಇತ್ತ ತಿರುಗಿ ಶೂ ಲೇಸಿಗೆ ಕೈ ಹಾಕಿದಳು. ನನ್ನ ಎದೆ ಧಸಕ್ಕೆಂದಿತು. "ಮೊದಲು ಗಂಟು," ಎಂದೆ. ಅವಳು ಮರುಮಾತಿಲ್ಲದೆ ಲೇಸು ಬಿಟ್ಟು ಗಂಟು ಮುಗಿಸಿ ನನ್ನ ಎದುರು ನಿಂತಳು. ಹಾರ್ನೆಸ್‌ನ ಬಕಲ್, ಹಗ್ಗ ಎರಡೂ ಬಳೆಗಳೊಳಗೆ ಹೋಗಿದೆಯೇ ಎಂಬುದು, ಐದು ಜೋಡಿಗಳು, ಒಂದು ಗೇಣು ತುದಿ, ಎಲ್ಲವನ್ನೂ ನೋಡಿದೆ. ಅವಳು ನನ್ನ ಬಿಲೇ ಸಾಧನದೊಳಗೆ ಹಗ್ಗ ಹೋಗಿರುವ ದಿಕ್ಕನ್ನೂ ಕ್ಯಾರಾಬಿನರ್‌ನ ಬೀಗವನ್ನೂ ನೋಡಿದಳು. ಈ ಪರಸ್ಪರ ತಪಾಸಣೆಗೆ ಅರ್ಧ ನಿಮಿಷ ಸಾಕು. ಅದನ್ನು ಪ್ರತಿ ಸಲವೂ, ಹತ್ತನೆಯ ಸಲವೂ, ಮೊದಲ ಸಲದಂತೆಯೇ ಮಾಡಬೇಕು. ನಡುವೆ ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು.

ಸುಮಾರು ಮೂವತ್ತು ಅಡಿ ಮೇಲೆ ಅವಳ ಕಾಲು ಜಾರಿತು. ಹಗ್ಗ ಒಮ್ಮೆಗೇ ಬಿಗಿಯಾಗಿ ನನ್ನನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆಯಿತು. ಅವಳು ಅಲ್ಲಿಯೇ ತೂಗುತ್ತ, ಉಸಿರು ತೆಗೆದುಕೊಂಡು, "ಹಿಡ್ಕೊಂಡಿದ್ದೀಯಾ ಅಮ್ಮಾ?" ಎಂದಳು. "ಹಿಡ್ಕೊಂಡಿದ್ದೀನಿ," ಎಂದೆ. ಅದೇ ಜಾಗದಲ್ಲಿ ಇನ್ನೂ ಎರಡು ಸಲ ಜಾರಿದ ಮೇಲೆ ಅವಳಿಗೆ ದಾರಿ ಸಿಕ್ಕಿತು.

ಕೆಳಗೆ ಬಂದಾಗ ಅವಳ ಗಂಟು ಕಲ್ಲಿನಂತೆ ಬಿಗಿದುಹೋಗಿತ್ತು. ಭಾರ ಹೊತ್ತ ಎಂಟರ ಗಂಟಿಗೆ ಈ ಒಂದು ತೊಂದರೆ ಇದ್ದೇ ಇದೆ. ಉಗುರಿನಿಂದ ಕೆದಕಿದರೆ ಬರುವುದಿಲ್ಲ; ಎರಡೂ ಕೈಯಲ್ಲಿ ಹಿಡಿದು, ಒಣಗಿದ ಕಡ್ಡಿ ಮುರಿಯುವಂತೆ ಅದರ ಬೆನ್ನನ್ನು ಆಚೆ ಈಚೆ ಬಾಗಿಸಬೇಕು, ಆಗ ಹೊರಸುತ್ತು ಭಾರದ ಎಳೆಯ ಮೇಲಿಂದ ತುಸು ಸರಿಯುತ್ತದೆ. ಅವಳ ಬೆರಳುಗಳ ತುದಿ ಹರಳಿಗೆ ಸವೆದು ಕೆಂಪಾಗಿದ್ದವು. "ನೀನೇ ಬಿಚ್ಚು ಅಮ್ಮಾ," ಎಂದು ಕೈ ಮೇಲೆತ್ತಿ ನಿಂತಳು. ನಾನು ಮೊಣಕಾಲೂರಿ ಕುಳಿತು ಗಂಟಿನ ಬೆನ್ನನ್ನು ಬಾಗಿಸಿದೆ. ಮೂರನೆಯ ಸಲಕ್ಕೆ ಅದು ಸಡಿಲವಾಯಿತು.